ಸಿಂಹದ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು?

ಓದುಗರ ಪ್ರಶ್ನೆ, ಪಶುವೈದ್ಯೆಯ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹುಟ್ಟಿದರೆ ಏನಾಗುತ್ತದೆ ಅನ್ನುವುದು. ಮೊದಲನೆಯದು ಆರನೇ ಕ್ಲಾಸಿನ ಹುಡುಗಿಯೊಬ್ಬಳ ಪ್ರಶ್ನೆ. ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ಮಕ್ಕಳನ್ನು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳು ಕೇಳಿದಳು: "ಟೀಚರ್, ಕಾಡಲ್ಲಿ ಒಂದು ಹಿಂಡಿಗೆ ಒಂದೋ ಎರಡೋ ಗಂಡು ಸಿಂಹ ಇರತ್ತಂತೆ. ಹಾಗಾದ್ರೆ ಮರಿಗಳೆಲ್ಲಾ ಅಣ್ಣ-ತಂಗೀನೇ ಅಲ್ವಾ? ದೊಡ್ಡವಾದ ಮೇಲೆ ಅವು ಯಾರನ್ನ ಮದುವೆ ಆಗ್ತವೆ?" ಮಕ್ಕಳೆಲ್ಲಾ ನಕ್ಕರು. ನನಗೆ ಉತ್ತರ ಗೊತ್ತಿರಲಿಲ್ಲ. ಅವಳಿಗೆ ಏನು ಹೇಳಲಿ?
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಸಾಗರ ತಾಲ್ಲೂಕು

ಉತ್ತರ: ಟೀಚರ್, ಮೊದಲು ಆ ಹುಡುಗಿಗೆ ಹೇಳಿ, ಅವಳು ಕೇಳಿದ್ದು ನಗುವ ಪ್ರಶ್ನೆಯಲ್ಲ. ಇದೇ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಎಷ್ಟೋ ವಿಜ್ಞಾನಿಗಳು ತಮ್ಮ ಅರ್ಧ ಆಯಸ್ಸು ಜೀಪಿನಲ್ಲಿ ಕೂತು ಕಳೆದಿದ್ದಾರೆ. ಆಫ್ರಿಕಾದ ಸೆರೆಂಗೆಟಿಯಲ್ಲಿ 1966ರಲ್ಲಿ ಜಾರ್ಜ್ ಶಾಲರ್ ಸಿಂಹಗಳನ್ನು ಒಂದೊಂದಾಗಿ ಗುರುತಿಟ್ಟು ನೋಡಲು ಶುರು ಮಾಡಿದರು. ಆಮೇಲೆ ಕ್ರೇಗ್ ಪ್ಯಾಕರ್, ಆ್ಯನ್ ಪ್ಯೂಸಿ ಅದನ್ನು ಮುಂದುವರಿಸಿದರು. ಮೀಸೆಯ ಬುಡದಲ್ಲಿರುವ ಚುಕ್ಕೆಗಳ ಸಾಲು ಒಂದೊಂದು ಸಿಂಹಕ್ಕೆ ಒಂದೊಂದು ರೀತಿ. ಅದನ್ನು ಬರೆದಿಟ್ಟುಕೊಂಡು ಯಾರ ಮಗಳು ಯಾರು, ಯಾರ ಅಜ್ಜಿ ಯಾರು ಎಂದು ತಲೆಮಾರುಗಳ ವಂಶಾವಳಿ ಮಾಡಿದರು.

ನಾನು 32 ವರ್ಷ ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ ದನಗಳಿಗೆ ಮದ್ದು ಕೊಟ್ಟವಳು, ಸಿಂಹಕ್ಕಲ್ಲ. ಆದರೆ ರಕ್ತದ ಲೆಕ್ಕ ಎರಡಕ್ಕೂ ಒಂದೇ. ಹಾಗಾಗಿ ಧೈರ್ಯವಾಗಿ ಉತ್ತರ ಬರೆಯುತ್ತಿದ್ದೇನೆ.

ಸಿಂಹದ ಹಿಂಡು ಅಂದರೆ ಗಂಡು ಸಿಂಹದ ಮನೆ ಎಂದು ನಾವು ಅಂದುಕೊಂಡಿದ್ದೇವೆ. ಕೇಸರ ದೊಡ್ಡದಾಗಿ ಕಾಣುತ್ತದಲ್ಲ, ಅದಕ್ಕೆ. ನಿಜವಾಗಿ ಅದು ಹೆಣ್ಣುಗಳ ಮನೆ. ಅಜ್ಜಿ, ಅವಳ ಹೆಣ್ಣುಮಕ್ಕಳು, ಅಕ್ಕ-ತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು, ಅವರ ಹೆಣ್ಣುಮಕ್ಕಳು. ಜಾಗ ಅವರದು. ತಾಯಿಯಿಂದ ಮಗಳಿಗೆ ಬರುತ್ತದೆ. ಘಟ್ಟದ ಕೆಳಗಿನ ಅಳಿಯಸಂತಾನದ ಮನೆಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊರಗಿನ ಹೆಣ್ಣು ಸಿಂಹವನ್ನು ಅವು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೇ ಸಮಯಕ್ಕೆ ಮರಿ ಹಾಕಿದ ತಾಯಂದಿರು ಮರಿಗಳನ್ನೆಲ್ಲ ಒಟ್ಟಿಗೆ ಸೇರಿಸಿ ಸಾಕುತ್ತವೆ. ಅಕ್ಕನ ಮರಿ ತಂಗಿಯ ಮೊಲೆಗೆ ಬಾಯಿ ಹಾಕಿದರೂ ಎಷ್ಟೋ ಸಲ ಸುಮ್ನೆ ಮಲಗಿರುತ್ತದೆ.

ಗಂಡು ಸಿಂಹ ಇಲ್ಲಿಗೆ ಹೊರಗಿನಿಂದ ಬಂದವನು. ಬರುವುದು ಒಬ್ಬನೇ ಅಲ್ಲ. ಸಾಮಾನ್ಯವಾಗಿ ಎರಡು, ಮೂರು, ಕೆಲವೊಮ್ಮೆ ಆರೇಳು ಗಂಡುಗಳ ಗುಂಪು. ಮೊದಲಿದ್ದ ಗಂಡುಗಳನ್ನು ಓಡಿಸಿ ಹಿಂಡು ಹಿಡಿಯುತ್ತವೆ. ಎರಡು ಮೂರು ವರ್ಷ ಇರುತ್ತವೆ. ಆಮೇಲೆ ಇನ್ನೊಂದು ಗುಂಪು ಬಂದು ಇವರನ್ನು ಓಡಿಸುತ್ತದೆ.

ಈಗ ನಿಮ್ಮ ಹುಡುಗಿಯ ಪ್ರಶ್ನೆಗೆ ಬರೋಣ. ಹೆಣ್ಣುಮರಿ ದೊಡ್ಡದಾಗಿ ತಾನು ಮರಿ ಹಾಕುವಷ್ಟರಲ್ಲಿ ಮೂರೂವರೆ ನಾಲ್ಕು ವರ್ಷ ಆಗುತ್ತದೆ. ಅಷ್ಟು ಹೊತ್ತಿಗೆ ಅಪ್ಪ ಸಾಮಾನ್ಯವಾಗಿ ಆ ಮನೆಯಲ್ಲಿ ಇರುವುದಿಲ್ಲ. ಗಂಡುಮರಿಗಳೋ, ಎರಡೂವರೆ ಮೂರು ವರ್ಷಕ್ಕೆ ಮನೆ ಬಿಡುತ್ತವೆ. ಹೊಸ ಗಂಡುಗಳು ಬಂದಾಗ ಓಡಿಸಿಬಿಡುತ್ತವೆ, ಇಲ್ಲದಿದ್ದರೆ ತಾವಾಗೇ ಹೊರಡುತ್ತವೆ. ಹಾಗಾಗಿ ಮಗಳು ಬೆದೆಗೆ ಬರುವಾಗ ಅವಳ ಸುತ್ತ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಯಾರೂ ಕೂತು ಗೋತ್ರ ನೋಡಲಿಲ್ಲ. ಗಂಡುಗಳು ಮನೆ ಬಿಟ್ಟು ನಡೆದದ್ದರಿಂದಲೇ ಕೆಲಸ ಆಯಿತು.

ಅಪ್ಪ ಬಲಶಾಲಿಯಾಗಿ ನಾಲ್ಕೈದು ವರ್ಷ ಉಳಿದುಬಿಟ್ಟರೆ? ಆಗ ಹಲವು ಸಲ ಮಗಳೇ ಹಿಂಡು ಬಿಟ್ಟು ಹೊಸ ಜಾಗ ಹುಡುಕುತ್ತಾಳೆ. ಕೆಲವು ಗಂಡುಗಳು ಹೆಣ್ಣುಮಕ್ಕಳು ದೊಡ್ಡವರಾಗುವ ಹೊತ್ತಿಗೆ ತಾವೇ ಇನ್ನೊಂದು ಹಿಂಡಿಗೆ ಹೋದದ್ದೂ ಸೆರೆಂಗೆಟಿಯ ದಾಖಲೆಯಲ್ಲಿದೆ. ತಪ್ಪಿ ಒಂದೊಂದು ಕಡೆ ಅಪ್ಪ-ಮಗಳ ಕೂಡಿಕೆ ಆಗುವುದಿಲ್ಲ ಎಂದು ನಾನು ಹೇಳಲಾರೆ. ಅದು ವಾಡಿಕೆಯಲ್ಲ, ಅಷ್ಟೆ.

ಮನೆ ಬಿಟ್ಟ ಅಣ್ಣ-ತಮ್ಮಂದಿರ ಕಥೆ ನನಗೆ ತುಂಬಾ ಇಷ್ಟ. ಅವು ಒಟ್ಟಿಗೇ ಹೋಗುತ್ತವೆ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳೂ ಜೊತೆಗಿರುತ್ತಾರೆ. ಎರಡು ಮೂರರ ಗುಂಪಾದರೆ ದಾರಿಯಲ್ಲಿ ಸಿಕ್ಕ ಪರಕೀಯ ಗಂಡೂ ಸೇರಿಕೊಳ್ಳಬಹುದು. ಆದರೆ ನಾಲ್ಕಕ್ಕಿಂತ ದೊಡ್ಡ ಗುಂಪುಗಳೆಲ್ಲ ರಕ್ತಸಂಬಂಧಿಗಳೇ ಎಂದು ಸೆರೆಂಗೆಟಿಯಲ್ಲಿ ಕಂಡುಬಂತು. ಯಾಕೆ? ದೊಡ್ಡ ಗುಂಪಿನಲ್ಲಿ ಎಲ್ಲರಿಗೂ ಮರಿ ಆಗುವುದಿಲ್ಲ. ಒಂದಿಬ್ಬರಿಗೆ ಜಾಸ್ತಿ, ಉಳಿದವರಿಗೆ ಇಲ್ಲ. ಹುಟ್ಟುವುದು ಅಣ್ಣನ ಮಕ್ಕಳಾದರೆ ತಮ್ಮ ಕಾದು ನಿಲ್ಲುತ್ತಾನೆ. ಪರಕೀಯ ಯಾಕೆ ನಿಲ್ಲಬೇಕು?

ಇದರಲ್ಲಿ ಕಠೋರವಾದದ್ದೂ ಇದೆ. ಹೊಸ ಗಂಡುಗಳು ಬಂದಾಗ ಹಿಂಡಿನ ಸಣ್ಣ ಮರಿಗಳನ್ನು ಕೊಲ್ಲುತ್ತವೆ. ಮರಿ ಇದ್ದರೆ ತಾಯಿ ಒಂದೂವರೆ ಎರಡು ವರ್ಷ ಬೆದೆಗೆ ಬರುವುದಿಲ್ಲ. ಅವರಿಗೆ ಅಷ್ಟು ಕಾಲವಿಲ್ಲ. ಮಕ್ಕಳಿಗೆ ಇದನ್ನು ಹೇಳಬೇಕೋ ಬೇಡವೋ ನೀವೇ ನೋಡಿ. ನಾನಾದರೆ ಹೇಳುತ್ತೇನೆ. ಆ ತಾಯಂದಿರು ಒಟ್ಟಾಗಿ ನಿಂತು ಕಾದಾಡಿ ಮರಿ ಉಳಿಸಿಕೊಳ್ಳುವುದೂ ಉಂಟು ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ಗಂಡು ನಡೆದು ಹೋಗಲು ದಾರಿಯೇ ಇಲ್ಲದಿದ್ದರೆ? ಅದಕ್ಕೆ ತಾಂಜಾನಿಯಾದ ಗೊರೊಂಗೊರೊ ನೋಡಬೇಕು. ಅದು ಹಳೆಯ ಜ್ವಾಲಾಮುಖಿಯ ಬಾಯಿ. ಸುತ್ತ ಸುಮಾರು 600 ಮೀಟರ್ ಎತ್ತರದ ಗೋಡೆ, ಒಳಗೆ ಹುಲ್ಲು, ನೀರು, ಬೇಟೆ. 1962ರಲ್ಲಿ ವಿಪರೀತ ಮಳೆಯಾಗಿ ಕಚ್ಚುವ ನೊಣ ಲೆಕ್ಕವಿಲ್ಲದಷ್ಟು ಎದ್ದಿತು. ನಮ್ಮ ಕೊಟ್ಟಿಗೆಯಲ್ಲಿ ದನದ ಕಾಲಿಗೆ ಕೂತು ರಕ್ತ ಹೀರುತ್ತದಲ್ಲ, ಅದೇ ಜಾತಿ. ಮೈಯೆಲ್ಲ ಹುಣ್ಣಾಗಿ, ಬೇಟೆಯಾಡಲಾಗದೆ ಸಿಂಹಗಳು ಸತ್ತವು. ಉಳಿದದ್ದು ಹತ್ತರ ಆಸುಪಾಸು. ನಂತರ ಹೊರಗಿನಿಂದ ಏಳು ಗಂಡುಗಳು ಇಳಿದು ಬಂದವು. ಸಂಖ್ಯೆ ಮತ್ತೆ ನೂರರ ಹತ್ತಿರ ಹೋಯಿತು. ಆದರೆ ಮುಂದಿನ 25 ವರ್ಷ ಹೊರಗಿನ ಒಂದು ಗಂಡೂ ಅಲ್ಲಿ ನೆಲೆ ನಿಲ್ಲಲಿಲ್ಲ. ಒಳಗಿನ ದೊಡ್ಡ ಗುಂಪುಗಳು ಬಿಡಲಿಲ್ಲ. ಅಷ್ಟೂ ಸಿಂಹಗಳು, ಬದುಕಿ ಉಳಿದವು ಮತ್ತು ಇಳಿದು ಬಂದವು ಸೇರಿ, ಬರೀ ಹದಿನೈದರ ಸಂತಾನ.

1987ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಂಹಗಳ ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸೆರೆಂಗೆಟಿಯ ಬಯಲಿನ ಸಿಂಹಗಳಲ್ಲಿ ನೂರು ವೀರ್ಯಾಣುಗಳಲ್ಲಿ ಸುಮಾರು 25 ವಿಕಾರವಾಗಿದ್ದವು. ಗೊರೊಂಗೊರೊದಲ್ಲಿ ಸುಮಾರು 50. ನಮ್ಮ ಗುಜರಾತಿನ ಗಿರ್ ಮೂಲದ ಸಿಂಹಗಳಲ್ಲಿ ಸುಮಾರು 66. ನಾನೂ ಹೋರಿಗಳ ವೀರ್ಯವನ್ನು ಕಣ್ಣಾರೆ ನೋಡುತ್ತಿದ್ದವಳು. ಬಾಲ ಸುರುಳಿ ಸುತ್ತಿಕೊಂಡು ನಿಂತಲ್ಲೇ ತಿರುಗುವ ವೀರ್ಯಾಣು ಹೇಗಿರುತ್ತದೆ ಅಂತ ಗೊತ್ತು. 66 ಅನ್ನುವುದನ್ನು ಓದಿದ ದಿನ ಕಾಗದ ಕೆಳಗಿಟ್ಟು ಸುಮಾರು ಹೊತ್ತು ಕೂತಿದ್ದೆ.

ಯಾಕೆ ಹೀಗಾಗುತ್ತದೆ ಎಂದು ಮಕ್ಕಳಿಗೆ ಹೀಗೆ ಹೇಳಿ. ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ಕ್ರಮ ಬರೆದ ಎರಡು ಪುಸ್ತಕ ಇವೆ ಅಂದುಕೊಳ್ಳಿ. ಒಂದು ಅಮ್ಮನ ತವರಿನದು, ಒಂದು ಅಪ್ಪನ ಮನೆಯದು. ಒಂದರಲ್ಲಿ ಉಪ್ಪಿನ ಅಳತೆ ಬರೆದ ಸಾಲು ಅಳಿಸಿಹೋಗಿದೆ. ತೊಂದರೆ ಇಲ್ಲ, ಇನ್ನೊಂದರಲ್ಲಿ ನೋಡಿಕೊಂಡರಾಯಿತು. ಆದರೆ ಎರಡು ಪುಸ್ತಕವನ್ನೂ ಒಂದೇ ಅಜ್ಜಿಯ ಅಳಿಸಿಹೋದ ಪುಸ್ತಕದಿಂದ ನಕಲು ಮಾಡಿದ್ದರೆ? ಎರಡರಲ್ಲೂ ಆ ಸಾಲು ಇಲ್ಲ. ಮಿಡಿ ಕೊಳೆಯುತ್ತದೆ. ಪ್ರತಿ ಜೀವಿಯಲ್ಲೂ ಹೀಗೆ ಅಳಿಸಿಹೋದ ಸಾಲುಗಳು ಕೆಲವು ಇದ್ದೇ ಇರುತ್ತವೆ. ಅಪ್ಪ-ಅಮ್ಮ ಬೇರೆ ಬೇರೆ ಕಡೆಯವರಾದರೆ ಅವು ಬೇರೆ ಬೇರೆ ಸಾಲುಗಳಾಗಿರುತ್ತವೆ.

ಗಿರ್ ವಿಚಾರ ಪೂರ್ತಿ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹೋದ ಶತಮಾನದ ಶುರುವಿನಲ್ಲಿ ಅಲ್ಲಿ ಬಹಳ ಕಡಿಮೆ ಸಿಂಹ ಉಳಿದಿದ್ದವು. ಜುನಾಗಢದ ನವಾಬರು ಬೇಟೆ ನಿಲ್ಲಿಸಿ ಕಾಪಾಡಿದರು. 2020ರ ಎಣಿಕೆಯಲ್ಲಿ 674 ಆದವು, 2025ರಲ್ಲಿ 891. ವೀರ್ಯ ಅಷ್ಟು ಕೆಟ್ಟಿದ್ದರೂ ಸಂಖ್ಯೆ ಏರಿದೆ. ಅಂದರೆ ಒಳಸಂಬಂಧ ಕೂಡಲೇ ಕೊಲ್ಲುವುದಿಲ್ಲ. ರೋಗ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಸೆರೆಂಗೆಟಿಗೆ ಬಂದು ಮೂರರಲ್ಲಿ ಒಂದು ಪಾಲು ಸಿಂಹ ಸತ್ತವು. ಅಲ್ಲಿ ನಾನಾ ಬಗೆಯ ರಕ್ತ ಇತ್ತು, ಸಂಖ್ಯೆಯೂ ದೊಡ್ಡದು, ಚೇತರಿಸಿಕೊಂಡವು. 2018ರಲ್ಲಿ ಗಿರ್‌ನಲ್ಲೂ ಅದೇ ರೋಗ ಕಾಣಿಸಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಹೋದವು. ಎಲ್ಲ ಸಿಂಹವೂ ಒಂದೇ ಸೀಮೆಯಲ್ಲಿರುವುದು ಅಪಾಯ ಎಂದೇ ಸುಪ್ರೀಂ ಕೋರ್ಟು 2013ರಲ್ಲಿ ಕೆಲವನ್ನು ಮಧ್ಯಪ್ರದೇಶದ ಕುನೋಗೆ ಕಳಿಸಲು ಹೇಳಿತು. ಇನ್ನೂ ಹೋಗಿಲ್ಲ. 2022ರಲ್ಲಿ ಅಲ್ಲಿಗೆ ಬಂದದ್ದು ಆಫ್ರಿಕಾದ ಚೀತಾ. ಆ ಸಿಂಹಗಳು ಹೋಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕುನೋಗೆ ಹೋದರೆ ಹೊಸ ರಕ್ತವೇನೂ ಬರುವುದಿಲ್ಲ, ನಿಜ. ಆದರೆ ಒಂದು ಕಡೆ ರೋಗ ಬಿದ್ದರೆ ಇನ್ನೊಂದು ಕಡೆ ಬೀಜ ಉಳಿಯುತ್ತದೆ.

ಪ್ರಶ್ನೆ: ಬಿಳಿ ಹುಲಿ ಬೇರೆ ಜಾತಿಯೇ? ಅದನ್ನು ಜಾಸ್ತಿ ಮಾಡಬಾರದು ಅನ್ನುತ್ತಾರಲ್ಲ, ಯಾಕೆ?
— ಪಿಯುಸಿ ವಿದ್ಯಾರ್ಥಿ, ಭದ್ರಾವತಿ

ಉತ್ತರ: ಬೇರೆ ಜಾತಿ ಅಲ್ಲ. ನಮ್ಮದೇ ಬಂಗಾಳ ಹುಲಿ. ಬಣ್ಣದ ಒಂದು ಸಾಲು ಎರಡು ಪುಸ್ತಕದಲ್ಲೂ ಅಳಿಸಿಹೋಗಿದೆ, ಅಷ್ಟೆ. 1951ರಲ್ಲಿ ರೇವಾದ ಮಹಾರಾಜರು ಒಂದು ಬಿಳಿ ಗಂಡುಮರಿ ಹಿಡಿದು ಮೋಹನ್ ಎಂದು ಹೆಸರಿಟ್ಟರು. ಮಾಮೂಲಿ ಹೆಣ್ಣು ಹುಲಿಯ ಜೊತೆ ಬಿಟ್ಟಾಗ ಹುಟ್ಟಿದ್ದೆಲ್ಲ ಹಳದಿ ಮರಿಗಳೇ. ಆಮೇಲೆ ಅವನ ಮಗಳು ರಾಧಾಳನ್ನೇ ಅವನ ಜೊತೆ ಬಿಟ್ಟರು. 1958ರಲ್ಲಿ ನಾಲ್ಕು ಬಿಳಿ ಮರಿ ಹುಟ್ಟಿದವು. ಝೂಗಳಲ್ಲಿ ನೋಡುವ ಬಹುಪಾಲು ಬಿಳಿ ಹುಲಿಗಳ ಬೇರು ಆ ಅಪ್ಪ-ಮಗಳು. ಮೆಳ್ಳೆಗಣ್ಣು ಆ ಬಣ್ಣದ ಜೊತೆಗೇ ಬರುವ ತೊಂದರೆ. ಉಳಿದ ಎಷ್ಟೋ ಅಂಗವಿಕಲತೆ ಒಳಸಂಬಂಧದ್ದು. ಬಣ್ಣಕ್ಕಾಗಿ ಮರಿ ಮಾಡಿಸುವುದು ತಪ್ಪು.

ಪ್ರಶ್ನೆ: ನಮ್ಮ ಮಲೆನಾಡಿನ ಹುಲಿಗಳಿಗೂ ಈ ಅಪಾಯ ಇದೆಯಾ ಮೇಡಂ?
— ಅಡಿಕೆ ಬೆಳೆಗಾರರು, ಶಿಕಾರಿಪುರ ತಾಲ್ಲೂಕು

ಉತ್ತರ: ನಿಮ್ಮ ತಾಲ್ಲೂಕಿನಿಂದಲೇ ಈ ಪ್ರಶ್ನೆ ಬಂದದ್ದು ನನಗೆ ಖುಷಿ. 2011ರ ಮೇ ತಿಂಗಳಲ್ಲಿ ಶಿಕಾರಿಪುರದ ಹಳ್ಳಿಯೊಂದರ ಹತ್ತಿರ ಒಂದು ಗಂಡು ಹುಲಿ ಹಿಡಿದದ್ದು ನೆನಪಿದೆಯಾ? ಅದರ ಪಟ್ಟೆಗಳನ್ನು ಹಳೆಯ ಫೋಟೊಗಳ ಜೊತೆ ಹೋಲಿಸಿದರು. 2010ರಲ್ಲಿ ಬಂಡೀಪುರದ ಕ್ಯಾಮೆರಾದಲ್ಲಿ ಸಿಕ್ಕಿದ್ದ ಹುಲಿಯೇ ಅದು! ನಡುವೆ ಸುಮಾರು 280 ಕಿಲೋಮೀಟರ್. ಕಾಫಿ ತೋಟ, ರಸ್ತೆ, ಗದ್ದೆ, ನಾಲೆ ಎಲ್ಲ ದಾಟಿ ಬಂದಿತ್ತು. ಊರಿನವರಿಗೆ ಅದು ಭಯ. ಭಯ ಪಟ್ಟದ್ದು ಸರಿಯೇ. ಆದರೆ ಅದು ಮಾಡುತ್ತಿದ್ದದ್ದು ಸಿಂಹದ ಗಂಡುಮರಿ ಮಾಡುವ ಕೆಲಸವನ್ನೇ. ಹುಲಿಯಲ್ಲೂ ಮಗಳು ತಾಯಿಯ ಪಕ್ಕದ ಕಾಡಿನಲ್ಲಿ ಉಳಿಯುತ್ತಾಳೆ, ಮಗ ದೂರ ಹೋಗುತ್ತಾನೆ.

ಭದ್ರಾ, ಕುದುರೆಮುಖ, ನಾಗರಹೊಳೆ, ಬಂಡೀಪುರ ಕಾಡುಗಳ ನಡುವೆ ಹುಲಿ ಇನ್ನೂ ನಡೆಯಬಲ್ಲದು. ಹಾಗಾಗಿ ನಮ್ಮ ಪಶ್ಚಿಮ ಘಟ್ಟದ ಹುಲಿಗಳ ಸ್ಥಿತಿ ದೇಶದ ಬೇರೆ ಕೆಲವು ಕಡೆಗಿಂತ ಚೆನ್ನಾಗಿದೆ. ಒಡಿಶಾದ ಸಿಮಿಲಿಪಾಲದಲ್ಲಿ ಹಾಗಿಲ್ಲ. ಅಲ್ಲಿ ಪಟ್ಟೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿ ಮೈಯೆಲ್ಲ ಕಪ್ಪಾದ ಹುಲಿಗಳಿವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು 2021ರಲ್ಲಿ ಕಾರಣ ತೋರಿಸಿದರು. ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಬೇರೆ ಹುಲಿಗಳಿಂದ ದೂರ ಉಳಿದ ಸಣ್ಣ ಗುಂಪಾದ್ದರಿಂದ ಅದು ಅಲ್ಲಿ ಮತ್ತೆ ಮತ್ತೆ ಜೋಡಿಯಾಗಿ ಬರುತ್ತಿದೆ. ಕಪ್ಪು ಹುಲಿ ನೋಡಲು ಚೆಂದ. ದಾರಿ ಮುಚ್ಚಿದೆ ಎಂದು ಅದರ ಮೈಮೇಲೇ ಬರೆದ ಹಾಗೆ ನನಗೆ ಕಾಣುತ್ತದೆ. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಪ್ರಾಣಿಗಳಿಗೆ ಕೆಳದಾರಿ ಬಿಡಿ ಎಂದು ಯಾರಾದರೂ ಕೇಳಿದರೆ ದಯವಿಟ್ಟು ನೀವೂ ದನಿ ಸೇರಿಸಿ.

ಪ್ರಶ್ನೆ: ಹತ್ತು ಗಿಡ್ಡ ದನ ಇವೆ. ಒಂದೇ ಬೀಜದ ಹೋರಿ, ಏಳು ವರ್ಷದ್ದು. ತುಂಬಾ ಸಾಧು. ಈಗ ಹುಟ್ಟುವ ಕರುಗಳು ಸಣ್ಣ, ಎರಡು ಸತ್ತವು. ಮೊದಲೆಲ್ಲ ವರ್ಷಕ್ಕೊಂದು ಕರು ಹಾಕುತ್ತಿದ್ದವು ಈಗ ಗಬ್ಬ ನಿಲ್ಲುತ್ತಿಲ್ಲ. ಖನಿಜದ ಪುಡಿ ಕೊಡುತ್ತಿದ್ದೇನೆ. ಇನ್ನೇನು ಮಾಡಲಿ?
— ಕೃಷಿಕರು, ಹೊಸನಗರ ತಾಲ್ಲೂಕು

ಉತ್ತರ: ಗಿಡ್ಡಕ್ಕೆ 'ವರ್ಷಗಂದಿ' ಎಂದೇ ಇನ್ನೊಂದು ಹೆಸರು. ಅದು ತಿರುಗಿ ತಿರುಗಿ ಬೆದೆಗೆ ಬರುತ್ತಿದೆ ಅಂದರೆ ಏನೋ ಕೆಟ್ಟಿದೆ ಅಂತಲೇ. ಹೋರಿಗೆ ಏಳು ವರ್ಷ ಅಂದಿರಿ. ಹಾಗಾದರೆ ಅದರ ಹೆಣ್ಣುಮಕ್ಕಳು ಈಗ ನಿಮ್ಮ ಕೊಟ್ಟಿಗೆಯಲ್ಲಿ ದೊಡ್ಡ ಹಸುಗಳು. ಅವುಗಳಿಗೆ ಕರು ಕೊಡುತ್ತಿರುವುದೂ ಅದೇ ಹೋರಿ.

ನಿಮ್ಮ ಕಡೆಯದೇ ಒಂದು ರಾತ್ರಿ ನೆನಪಾಗುತ್ತದೆ. ಆಷಾಢದ ಮಳೆ, ಕರೆಂಟಿಲ್ಲ. ಕರು ಹುಟ್ಟಿದೆ, ಹಾಲು ಕುಡಿಯುತ್ತಿಲ್ಲ ಎಂದು ಕರೆದಿದ್ದರು. ಆ ಮನೆಯ ಅಮ್ಮ ಟಾರ್ಚ್ ಹಿಡಿದಿದ್ದರು. ಕರು ಮೊಲೆ ಚೀಪಿತು. ಹಾಲು ಮೂಗಿನಿಂದ ಹೊರಗೆ ಬಂತು. ಬಾಯಿಗೆ ಬೆರಳು ಹಾಕಿ ಮೇಲೆ ಮುಟ್ಟಿ ನೋಡಿದೆ. ಅಂಗುಳ ಇರಬೇಕಾದ ಕಡೆ ಉದ್ದಕ್ಕೆ ಸೀಳು, ಬೆರಳು ನೇರ ಮೂಗಿನೊಳಗೆ ಹೋಯಿತು. ಇದರ ಅಪ್ಪ ಯಾರು ಎಂದು ಕೇಳಿದೆ. "ಅದೇ ಹೋರಿ ಡಾಕ್ಟ್ರಮ್ಮ. ಇದರ ತಾಯಿಗೂ ಅದೇ ಅಪ್ಪ" ಅಂದರು. ನಾಲ್ಕನೇ ದಿನ ಕರು ಹೋಯಿತು. ಸೀಳು ಅಂಗುಳಕ್ಕೆ ಬೇರೆ ಕಾರಣವೂ ಇರಬಹುದು, ಒಂದು ಕರುವಿನಿಂದ ತೀರ್ಮಾನ ಮಾಡಬಾರದು. ಆದರೆ ಮರುವರ್ಷ ಅದೇ ಹೋರಿಗೆ, ಇನ್ನೊಂದು ಮಗಳಿಂದ, ಹಾಗೇ ಇನ್ನೊಂದು ಹುಟ್ಟಿತು.

ಅಪ್ಪ-ಮಗಳಿಗೆ ಹುಟ್ಟಿದ ಕರುವಿನಲ್ಲಿ ನಾಲ್ಕರಲ್ಲಿ ಒಂದು ಪಾಲು ಸಾಲುಗಳು ಎರಡು ಪುಸ್ತಕದಲ್ಲೂ ಒಂದೇ ನಕಲು. ಆ ಕರುವೂ ದೊಡ್ಡದಾಗಿ ಅದೇ ಹೋರಿಗೆ ಬಿದ್ದರೆ ಎಂಟರಲ್ಲಿ ಮೂರು ಪಾಲು. ಅಷ್ಟು ವೇಗ.

ಹಿಂದೆ ಈ ತೊಂದರೆ ಕಡಿಮೆ ಇತ್ತು. ನಾಲ್ಕೂರಿನ ದನ ಒಂದೇ ಹಾಡಿಯಲ್ಲಿ, ಒಂದೇ ಗೋಮಾಳದಲ್ಲಿ ಮೇಯುತ್ತಿದ್ದವು. ಯಾವ ಊರಿನ ಹೋರಿಯೋ ಯಾವ ಮನೆಯ ಹಸುವೋ. ಈಗ ಬೇಲಿ ಬಂತು, ದನ ಕಡಿಮೆ ಆದವು, ಒಂದೊಂದು ಕೊಟ್ಟಿಗೆಯೂ ಗೊರೊಂಗೊರೊ ಆಯಿತು.

ಮೊದಲು ಹಸುಗಳ, ಹೋರಿಯ ರಕ್ತ ಪರೀಕ್ಷೆ ಮಾಡಿಸಿ. ಗಬ್ಬ ನಿಲ್ಲದಿರುವುದಕ್ಕೆ, ಕಂದು ಹಾಕುವುದಕ್ಕೆ ಬ್ರುಸೆಲ್ಲಾ ರೋಗವೂ ಕಾರಣವಿರಬಹುದು. ಅದು ಮನುಷ್ಯರಿಗೂ ಅಂಟುತ್ತದೆ, ಮಾಸು ಬರಿಗೈಯಲ್ಲಿ ಮುಟ್ಟಬೇಡಿ. ರೋಗ ಇಲ್ಲವೆಂದಾದರೆ ಹೋರಿ ಬದಲಾಯಿಸಿ. ಪಕ್ಕದ ಮನೆಯದ್ದು ಬೇಡ. ಅದೂ ಇದರ ತಮ್ಮನೋ ಮಗನೋ ಇರಬಹುದು. ತೀರ್ಥಹಳ್ಳಿ ಕಡೆಯಿಂದಲೋ ಶೃಂಗೇರಿ ಕಡೆಯಿಂದಲೋ ಗಿಡ್ಡವನ್ನೇ ತನ್ನಿ. ಬರುವ ಹೋರಿಗೂ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಹೋರಿಯನ್ನು ಕಸಾಯಿಗೆ ಕೊಡಬೇಡಿ, ರೋಗವಿಲ್ಲದಿದ್ದರೆ ಅದು ಇನ್ನೊಂದು ಸೀಮೆಗೆ ಹೊಸ ರಕ್ತ. ಅದಲು-ಬದಲು ಮಾಡಿಕೊಂಡರೆ ದುಡ್ಡೂ ಬೇಡ, ಗಾಡಿ ಬಾಡಿಗೆ ಹಂಚಿಕೊಂಡರೆ ಸಾಕು. ಮುಂದೆ ಹೊಸ ಹೋರಿಯ ಹೆಣ್ಣುಕರುಗಳು ಬೆದೆಗೆ ಬರುವ ಮೊದಲು ಅದನ್ನೂ ಬದಲಾಯಿಸಬೇಕು, ಅಂದಾಜು ಮೂರು ವರ್ಷಕ್ಕೊಮ್ಮೆ. ಒಂದು ನೋಟ್‌ಬುಕ್ಕಿನಲ್ಲಿ ಕರು ಹುಟ್ಟಿದ ದಿನ, ತಾಯಿ, ಹೋರಿ ಮೂರನ್ನೂ ಬರೆದಿಡಿ. ಆ ಪುಸ್ತಕ ಕೊಟ್ಟಿಗೆಯಲ್ಲಿ ಬೇಡ, ಮಳೆಗಾಲದಲ್ಲಿ ಗೆದ್ದಲು ತಿನ್ನುತ್ತದೆ. ಅಡುಗೆಮನೆಯ ಅಟ್ಟದ ಮೇಲೆ ಇಡಿ.